ಹುಲಿ ಫೈಲು ಮತ್ತು ಅಮ್ಮನ ನಕ್ಷೆ

ನಮ್ಮ ಮಿನಿ ಪ್ರಾಜೆಕ್ಟ್‌ನಲ್ಲಿ ಅಗ್ನಿಶಾಮಕ ವಾಹನವೊಂದು ಮೇಲ್ಸೇತುವೆಯಿಂದ ಕೆಳಗಿನ ರಸ್ತೆಗೆ ಹಾರುತ್ತಿತ್ತು. ಅದೂ ಒಂದು ಸಲವಲ್ಲ, ನೂರಾರು ಸಲ. ನಾಲ್ಕು ಜನರ ನಮ್ಮ ತಂಡದಲ್ಲಿ ಒಬ್ಬರೂ ಅದನ್ನು ಗಮನಿಸಿರಲಿಲ್ಲ. ಮೊದಲ ರಿವ್ಯೂ ದಿನ ನಮ್ಮ ಗೈಡ್ ಪರದೆಯ ಮೇಲಿದ್ದ ಒಂದು ಕೆಂಪು ಗೆರೆಯನ್ನು ಬೆರಳಿನಿಂದ ಹಿಂಬಾಲಿಸುತ್ತಾ ಬಂದು, ಒಂದು ಕಡೆ ನಿಲ್ಲಿಸಿ ಕೇಳಿದರು: ‘ಏನಮ್ಮಾ, ಈ ಗಾಡಿಗೆ ರೆಕ್ಕೆ ಇದೆಯಾ?’

ಅಲ್ಲಿ ಹೆದ್ದಾರಿ ಮೇಲೆ ಹೋಗುತ್ತದೆ, ಊರಿನ ಬೀದಿ ಅದರ ಕೆಳಗೆ ನುಸುಳುತ್ತದೆ. ನಮ್ಮ ಪ್ರೋಗ್ರಾಂ ಅದನ್ನು ನಾಲ್ಕು ರಸ್ತೆ ಸೇರುವ ಸರ್ಕಲ್ ಎಂದುಕೊಂಡಿತ್ತು. ಗಾಡಿ ಹೆದ್ದಾರಿಯಲ್ಲಿ ಬಂದು ಸೀದಾ ಬೀದಿಗೆ ತಿರುಗಿಬಿಡುತ್ತಿತ್ತು. ಹಾಗಾಗಿ ಎಲ್ಲ ಮನೆಗಳಿಗೂ ಅದು ಬೇಗ ಬೇಗ ತಲುಪುತ್ತಿತ್ತು, ನಮ್ಮ ನಕ್ಷೆ ಪೂರ್ತಿ ಹಸಿರಾಗಿತ್ತು. ನಮ್ಮ ಊರಿನಲ್ಲಿ ಯಾರೂ ಅಪಾಯದಲ್ಲಿರಲಿಲ್ಲ! ಆ ಹಸಿರು ನೋಡಿ ನಾವು ಹಿಂದಿನ ರಾತ್ರಿ ಪಾರ್ಟಿ ಕೂಡ ಮಾಡಿದ್ದೆವು.

‘ನಮ್ಮ ಊರು’ ಎಂದೆ. ಅದು ಅಮೆರಿಕದ ಕನೆಕ್ಟಿಕಟ್ ರಾಜ್ಯದ ನ್ಯೂ ಹೇವನ್. ನಾವು ಯಾರೂ ಕಾಲಿಡದ ಊರು. ಅಷ್ಟು ದೂರ ಯಾಕೆ ಹೋದಿರಿ ಎಂದರೆ, ನಮಗೆ ಎರಡು ವಿಷಯ ಒಟ್ಟಿಗೆ ಬೇಕಿತ್ತು: ಊರಿನ ಎಲ್ಲ ಬೀದಿಗಳ ಜಾಲ, ಮತ್ತು ಆ ಬೀದಿಗಳ ನಡುವಿನ ಚಿಕ್ಕ ಚಿಕ್ಕ ಪ್ರದೇಶಗಳಲ್ಲಿ ಎಷ್ಟು ಜನ ಇದ್ದಾರೆ ಎಂಬ ಲೆಕ್ಕ. ಅಗ್ನಿಶಾಮಕ ಠಾಣೆಗಳ ಜಾಗವನ್ನು ನಾವೇ ಊಹಿಸಿ ಇಟ್ಟು, ಯಾವ ಪ್ರದೇಶಕ್ಕೆ ಗಾಡಿ ತಡವಾಗಿ ತಲುಪುತ್ತದೆ, ಅಲ್ಲಿ ಎಷ್ಟು ಜನ ವಾಸವಿದ್ದಾರೆ ಎಂದು ಕಂಡುಹಿಡಿಯುವುದು ಪ್ರಾಜೆಕ್ಟ್. ನಮ್ಮ ಕಾಲೇಜು ಇರುವ ಊರಿಗೆ ಈ ಎರಡೂ ಒಂದಕ್ಕೊಂದು ಹೊಂದಿಕೊಂಡು ಬರುವ ಫೈಲು ನಮ್ಮ ಕೈಗೆ ಸಿಗಲಿಲ್ಲ. ಗೈಡ್ ಹೇಳಿದರು: ‘ಮೊದಲು ಟೈಗರ್ ಫೈಲಿನಲ್ಲಿ ಕಲಿಯಿರಿ. ನ್ಯೂ ಹೇವನ್ ತಗೊಳ್ಳಿ. ಯಾಕೆ ಅಂತ ಆಮೇಲೆ ನೀವೇ ಹುಡುಕಿ.’

ಟೈಗರ್ ಎಂದರೆ ಅಮೆರಿಕದ ಜನಗಣತಿ ಇಲಾಖೆಯ ನಕ್ಷೆಯ ದತ್ತಾಂಶ. ‘ಟೊಪಾಲಜಿಕಲಿ ಇಂಟಿಗ್ರೇಟೆಡ್ ಜಿಯೊಗ್ರಾಫಿಕ್ ಎನ್‌ಕೋಡಿಂಗ್ ಆ್ಯಂಡ್ ರೆಫರೆನ್ಸಿಂಗ್’ ಎಂಬ ಮಾರುದ್ದದ ಹೆಸರಿನ ಮೊದಲ ಅಕ್ಷರಗಳನ್ನು ಸೇರಿಸಿದರೆ ಟೈಗರ್. ದುಡ್ಡು ಕೊಡಬೇಕಿಲ್ಲ, ಅರ್ಜಿ ಹಾಕಬೇಕಿಲ್ಲ, ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಇಳಿಸಿಕೊಂಡು ತೆರೆದರೆ ಒಂದು ನಕ್ಷೆ ಬರುತ್ತದೆ, ಜೊತೆಗೆ ಒಂದು ದೊಡ್ಡ ಟೇಬಲ್. ನಾವು ನಕ್ಷೆಯನ್ನು ಕಣ್ತುಂಬ ನೋಡಿದೆವು, ಟೇಬಲ್ ಓದಲಿಲ್ಲ. ಎಡವಿದ್ದು ಅಲ್ಲೇ.

ರಿವ್ಯೂನಲ್ಲಿ ಹತ್ತಕ್ಕೆ ಮೂರು ಅಂಕ ಬಂತು. ಎರಡನೇ ರಿವ್ಯೂಗೆ ಮೂರು ವಾರ ಇತ್ತು. ಫೈಲೇ ತಪ್ಪು, ಅಮೆರಿಕದವರಿಗೆ ಮೇಲ್ಸೇತುವೆಗೂ ಸರ್ಕಲ್‌ಗೂ ವ್ಯತ್ಯಾಸ ಗೊತ್ತಿಲ್ಲ ಎಂದು ಬೈದುಕೊಂಡು ಶನಿವಾರ ಊರಿನ ಬಸ್ ಹತ್ತಿದೆ.

ನಮ್ಮೂರು ತುಮಕೂರು ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಅಮ್ಮ ಸರ್ಕಾರಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ಸಂಜೆ ಸೊಪ್ಪು ಬಿಡಿಸುತ್ತಾ ಕೂತಿದ್ದರು. ‘ಯಾಕೆ ಮುಖ ಬಾಡಿದೆ?’ ಎಂದರು. ‘ಟೈಗರ್ ಫೈಲು ಕೈಕೊಡ್ತಮ್ಮ’ ಎಂದೆ. ‘ಹುಲಿ ಗಣತಿ ಮಾಡ್ತಿದ್ದೀರಾ? ನಮಗೆ ಜನರ ಗಣತಿ ಹಾಕ್ತಾರೆ, ನಿಮಗೆ ಹುಲೀದಾ?’ ಎಂದು ನಕ್ಕರು. ಇದೂ ಜನರ ಗಣತಿಯದ್ದೇ ಫೈಲು ಎಂದ ಮೇಲೆ ಅವರಿಗೆ ಆಸಕ್ತಿ ಬಂತು. ಸೊಪ್ಪಿನ ಮೊರ ಪಕ್ಕಕ್ಕಿಟ್ಟು ಲ್ಯಾಪ್‌ಟಾಪ್ ಮುಂದೆ ಕೂತರು. ಮೇಲ್ಸೇತುವೆ ಕಥೆ ಪೂರ್ತಿ ಕೇಳಿ ಒಂದೇ ಮಾತು ಹೇಳಿದರು: ‘ಎಣಿಸೋಕೆ ಮಾಡಿದ ನಕ್ಷೆ ತಾನೇ? ಎಣಿಸೋನಿಗೆ ಗಾಡಿ ಎಲ್ಲಿ ತಿರುಗುತ್ತೆ ಅಂತ ಯಾಕೆ ಬೇಕು? ಯಾವ ಮನೆ ಯಾರಿಗೆ ಸೇರುತ್ತೆ ಅಂತ ಗೊತ್ತಾದರೆ ಸಾಕು.’

ಆಮೇಲೆ ಬೀರುವಿನಿಂದ ಒಂದು ಹಳೆಯ ನೋಟ್‌ಬುಕ್ ತಂದರು. 2010ರ ಬೇಸಿಗೆಯಲ್ಲಿ ಮನೆಪಟ್ಟಿಗೆ ಹೋದಾಗ ಬರೆದ ರಫ್ ನಕ್ಷೆ ಅದರಲ್ಲಿತ್ತು. ಆಗ ನನಗೆ ನಾಲ್ಕೋ ಐದೋ ವರ್ಷ. ಅಮ್ಮನ ಪಾಲಿಗೆ ಬಂದಿದ್ದು ಸುಮಾರು 140 ಮನೆ. ಪೆನ್ಸಿಲ್‌ನಲ್ಲಿ ಬೀದಿಗಳು, ಪಕ್ಕಾ ಮನೆಗೆ ಚೌಕ, ಕಚ್ಚಾ ಮನೆಗೆ ತ್ರಿಕೋನ, ಅಂಗಡಿ, ಗಿರಣಿಗಳಿಗೆ ಒಳಗೆ ಗೆರೆ ಎಳೆದ ಗುರುತು. ವಾಯವ್ಯ ಮೂಲೆಯಿಂದ ಶುರುವಾಗಿ ಹಾವಿನಂತೆ ಹರಿಯುವ ಬಾಣದ ಗುರುತು, ಅದರ ಹಿಂದೆ ಮನೆಗಳ ಸಂಖ್ಯೆ. ಹೆಸರು ಒಂದೂ ಇಲ್ಲ. ನಮ್ಮೂರಿನ ಫೋಟೊದಂತೆ ಅದು ಎಲ್ಲೂ ಕಾಣುತ್ತಿರಲಿಲ್ಲ. ರಸ್ತೆಗಳ ಅಗಲ ತಪ್ಪು, ದೂರ ತಪ್ಪು.

‘ಅಳತೆ ತಪ್ಪಿದ್ದರೂ ಪರವಾಗಿಲ್ಲ ಅಂತಿದ್ದರು. ಒಂದು ಮನೆಯೂ ಬಿಡಬಾರದು, ಒಂದು ಮನೆಯೂ ಎರಡು ಸಲ ಬರಬಾರದು, ಅಷ್ಟೇ’ ಎಂದರು ಅಮ್ಮ. ಒಂದು ಮೂಲೆಮನೆ ತೋರಿಸಿದರು. ಅದಕ್ಕೆ ಎರಡು ಬಾಗಿಲು, ಎರಡು ಬೀದಿಗೆ. ಒಂದು ಬೀದಿ ಅಮ್ಮನ ಬ್ಲಾಕಿನದು, ಇನ್ನೊಂದು ಅವರ ಸಹೋದ್ಯೋಗಿ ಮೇಡಂ ಅವರದು. ಅದು ನಿಮ್ಮದು ಎಂದು ಇಬ್ಬರೂ ಬಿಟ್ಟಿದ್ದರಂತೆ. ಕೊನೆಗೆ ಇಬ್ಬರೂ ಗಡಿ ಬೀದಿಯಲ್ಲಿ ನಿಂತು, ಎಡಕ್ಕಿರುವುದು ನಿಮ್ಮದು, ಬಲಕ್ಕಿರುವುದು ನನ್ನದು ಎಂದು ಒಂದೊಂದೇ ಮನೆ ನೋಡುತ್ತಾ ನಡೆದಾಗ ಆ ಮನೆ ಸಿಕ್ಕಿತು. ಗಿರಣಿಯ ಹಿಂದೆ ಕೂಲಿಯವರ ಮೂರು ಗುಡಿಸಲುಗಳೂ ಹಾಗೆಯೇ ಸಿಕ್ಕವು. ‘ಆ ದಾರಿ ಯಾವ ನಕ್ಷೆಯಲ್ಲೂ ಇರಲಿಲ್ಲ ಕಣೇ. ಅವತ್ತು ಹಿಂದಕ್ಕೆ ಹೋಗದೇ ಇದ್ದಿದ್ದರೆ ಅವರು ಲೆಕ್ಕಕ್ಕೇ ಇಲ್ಲ.’

ಎಡ, ಬಲ. ನಾವು ಓದದೇ ಬಿಟ್ಟ ಟೇಬಲ್‌ನಲ್ಲಿ ಇದ್ದದ್ದೂ ಇದೇ. ರಾತ್ರಿ ಕೂತು ಮೊದಲ ಬಾರಿಗೆ ಅದನ್ನು ಸಾಲುಸಾಲಾಗಿ ಓದಿದೆ.

ಟೈಗರ್‌ನ ‘ಎಡ್ಜಸ್’ ಫೈಲಿನಲ್ಲಿ ಪ್ರತಿ ಗೆರೆಗೂ ಒಂದು ಸಾಲು ಇರುತ್ತದೆ. ಗೆರೆ ಯಾವ ಬಿಂದುವಿನಿಂದ ಶುರು, ಯಾವ ಬಿಂದುವಿನಲ್ಲಿ ಮುಗಿಯುತ್ತದೆ, ಅದರ ಎಡಕ್ಕೆ ಯಾವ ತುಂಡು ನೆಲ, ಬಲಕ್ಕೆ ಯಾವ ತುಂಡು ನೆಲ ಎಂದು ಬರೆದಿರುತ್ತಾರೆ. ಗೆರೆ ರಸ್ತೆಯೇ ಆಗಬೇಕೆಂದಿಲ್ಲ. ಹೊಳೆ, ರೈಲು ಹಳಿ, ಕಣ್ಣಿಗೆ ಕಾಣದ ಊರ ಗಡಿ ಎಲ್ಲವೂ ಗೆರೆಗಳೇ. ರಸ್ತೆಯಾದರೆ ಎಡಬದಿಯ ಮನೆ ಸಂಖ್ಯೆ ಎಷ್ಟರಿಂದ ಎಷ್ಟರವರೆಗೆ, ಬಲಬದಿಯದು ಎಷ್ಟರಿಂದ ಎಷ್ಟರವರೆಗೆ ಎಂಬುದೂ ಇರುತ್ತದೆ. ಉದಾಹರಣೆಗೆ ಎಡಕ್ಕೆ 101ರಿಂದ 199, ಬಲಕ್ಕೆ 100ರಿಂದ 198 ಎಂದಿದ್ದರೆ, 150ನೇ ಮನೆ ಬಲಬದಿಯಲ್ಲಿ, ಬೀದಿಯ ಹೆಚ್ಚುಕಮ್ಮಿ ಮಧ್ಯದಲ್ಲಿದೆ ಎಂದು ಕಂಪ್ಯೂಟರ್ ಊಹಿಸುತ್ತದೆ. ಬಲಕ್ಕೆ ಯಾವ ಬ್ಲಾಕ್ ಇದೆ ಎಂದು ಗೊತ್ತಿರುವುದರಿಂದ, ಆ ಮನೆ ಯಾವ ಬ್ಲಾಕಿಗೆ ಸೇರಿದ್ದು ಎಂಬುದೂ ತಿಳಿಯುತ್ತದೆ.

ಇಂಥದ್ದೊಂದು ಏರ್ಪಾಡು ಯಾಕೆ ಬೇಕಾಯಿತು ಎಂದು ಹುಡುಕಿದಾಗ ಗೈಡ್ ನ್ಯೂ ಹೇವನ್ ಎಂದು ಯಾಕೆ ಹೇಳಿದರು ಎಂಬುದೂ ಗೊತ್ತಾಯಿತು. 1970ರ ಜನಗಣತಿಯಲ್ಲಿ ಅಮೆರಿಕದ ದೊಡ್ಡ ನಗರಗಳ ಮನೆಗಳಿಗೆ ಫಾರ್ಮುಗಳನ್ನು ಅಂಚೆಯಲ್ಲಿ ಕಳುಹಿಸಿ, ಜನರೇ ತುಂಬಿ ವಾಪಸ್ ಕಳಿಸುವ ಪದ್ಧತಿ ತಂದರು. ಅಮ್ಮನಂಥವರು ಬೀದಿಗೆ ಹೋದರೆ ಮನೆ ಯಾವ ಬ್ಲಾಕಿನಲ್ಲಿದೆ ಎಂಬುದು ಕಣ್ಣಿಗೆ ಕಾಣುತ್ತದೆ. ಅಂಚೆಯಲ್ಲಿ ಬಂದ ಫಾರ್ಮಿನಲ್ಲಿ ಬರೀ ವಿಳಾಸ ಇರುತ್ತದೆ. ಆ ವಿಳಾಸವನ್ನು ಬ್ಲಾಕಿಗೆ ಸೇರಿಸುವ ಕೆಲಸ ಕಂಪ್ಯೂಟರಿಗೆ ಬಿತ್ತು. ಇದರ ಪ್ರಯೋಗ ನಡೆದದ್ದು 1967ರಲ್ಲಿ, ನ್ಯೂ ಹೇವನ್‌ನಲ್ಲಿ. ಅಲ್ಲಿ ಹುಟ್ಟಿದ್ದು ‘ಡೈಮ್’ ಎಂಬ ವಿಧಾನ. ಜನಗಣತಿ ಇಲಾಖೆಯ ಗಣಿತಜ್ಞ ಜೇಮ್ಸ್ ಕಾರ್ಬೆಟ್ ಅದರ ಹಿಂದಿನ ಗಣಿತ ಕೊಟ್ಟವರು.

ಡೈಮ್‌ನ ಉಪಾಯ ಸರಳ. ಪ್ರತಿ ಗೆರೆಯನ್ನೂ ಎರಡು ರೀತಿಯಲ್ಲಿ ಬೇರೆ ಬೇರೆಯಾಗಿ ಬರೆಯುವುದು: ತುದಿಯ ಎರಡು ಬಿಂದುಗಳಿಂದ ಒಮ್ಮೆ, ಎಡಬಲದ ಎರಡು ಬ್ಲಾಕುಗಳಿಂದ ಇನ್ನೊಮ್ಮೆ. ಆಮೇಲೆ ಕಂಪ್ಯೂಟರ್ ಒಂದು ಬ್ಲಾಕಿನ ಗೆರೆಗಳನ್ನೆಲ್ಲ ಹುಡುಕಿ, ಸರಪಳಿಯಂತೆ ಒಂದರ ತುದಿಗೆ ಇನ್ನೊಂದನ್ನು ಜೋಡಿಸುತ್ತಾ ಹೋಗುತ್ತದೆ. ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದರೆ ಸರಿ. ಬರದಿದ್ದರೆ ಎಲ್ಲೋ ಒಂದು ಬೀದಿ ಬಿಟ್ಟುಹೋಗಿದೆ, ಇಲ್ಲವೇ ಎಡಬಲ ಅದಲುಬದಲಾಗಿದೆ. ಅಮ್ಮ ಮತ್ತು ಅವರ ಸಹೋದ್ಯೋಗಿ ಮೇಡಂ ಗಡಿ ಬೀದಿಯಲ್ಲಿ ನಡೆದು ಮಾಡಿದ ಕೆಲಸವನ್ನೇ ಇಲ್ಲಿ ಕಂಪ್ಯೂಟರ್ ಮಾಡುತ್ತದೆ. ಡೈಮ್ ಇದ್ದದ್ದು ನಗರ ಪ್ರದೇಶಗಳಿಗೆ ಮಾತ್ರ. 1990ರ ಜನಗಣತಿಗಾಗಿ ಅಲ್ಲಿನ ಭೂವಿಜ್ಞಾನ ಸರ್ವೇಕ್ಷಣೆಯ ಜೊತೆ ಸೇರಿ, ಅದರ 1:1,00,000 ಪ್ರಮಾಣದ ನಕ್ಷೆಗಳನ್ನು ಕಂಪ್ಯೂಟರಿಗೆ ತುಂಬಿ, ಇಡೀ ದೇಶಕ್ಕೆ ಒಂದೇ ಏರ್ಪಾಡು ಮಾಡಿದರು. ಅದೇ ಟೈಗರ್.

ಈಗ ಮೇಲ್ಸೇತುವೆಯ ಗುಟ್ಟು ಬಿಡಿಸಿತು. ನೆಲವನ್ನು ಒಂದು ರೊಟ್ಟಿ ಎಂದುಕೊಳ್ಳಿ. ಅದನ್ನು ತುಂಡು ಮಾಡಬೇಕು. ಒಂದು ಚೂರೂ ಎರಡು ತುಂಡಿಗೆ ಸೇರಬಾರದು, ಒಂದು ಚೂರೂ ಹೊರಗುಳಿಯಬಾರದು. ಹಾಗಾದರೆ ಎರಡು ಗೆರೆ ಎಲ್ಲೇ ಒಂದನ್ನೊಂದು ದಾಟಲಿ, ಅಲ್ಲೊಂದು ಬಿಂದು ಇರಲೇಬೇಕು. ಒಂದು ರಸ್ತೆ ಇಪ್ಪತ್ತು ಅಡಿ ಮೇಲಿದೆ ಎಂಬುದು ರೊಟ್ಟಿಗೆ ಸಂಬಂಧವಿಲ್ಲ. ಎಣಿಸುವವರಿಗೆ ಅದು ಸರಿಯಾದ ನಕ್ಷೆ. ಗಾಡಿ ಓಡಿಸುವವರಿಗೆ ಅದೇ ನಕ್ಷೆ ಅಪಾಯ. ತಪ್ಪು ಫೈಲಿನದಲ್ಲ, ಯಾವ ಕೆಲಸಕ್ಕೆ ಮಾಡಿದ್ದು ಎಂದು ಕೇಳದ ನಮ್ಮದು.

ನಾವು ಮಾತ್ರ ಎಡವಿಲ್ಲ ಎಂಬುದು ಸ್ವಲ್ಪ ಸಮಾಧಾನ ಕೊಟ್ಟಿತು. 2007–08ರಲ್ಲಿ ಓಪನ್‌ಸ್ಟ್ರೀಟ್‌ಮ್ಯಾಪ್‌ನವರು ಅಮೆರಿಕದ ರಸ್ತೆಗಳನ್ನು ಟೈಗರ್‌ನಿಂದ ತುಂಬಿಸಿಕೊಂಡಾಗ ಅವರಿಗೂ ಇದೇ ತೊಂದರೆ ಎದುರಾಗಿತ್ತು. ಹೆದ್ದಾರಿಗೂ ಅದರ ಕೆಳಗಿನ ಬೀದಿಗೂ ಬಿದ್ದಿದ್ದ ಗಂಟುಗಳನ್ನು ಸ್ವಯಂಸೇವಕರು ವರ್ಷಗಟ್ಟಲೆ ಕೂತು ಬಿಡಿಸಿದ್ದಾರೆ.

ಪರಿಹಾರವೂ ಟೇಬಲ್‌ನಲ್ಲೇ ಇತ್ತು. ಪ್ರತಿ ಗೆರೆಗೂ ಒಂದು ಸಂಕೇತ ಇರುತ್ತದೆ: ಎಸ್ 1100 ಎಂದರೆ ಮುಖ್ಯ ಹೆದ್ದಾರಿ, ಎಸ್ 1400 ಎಂದರೆ ಊರಿನ ಬೀದಿ, ಎಸ್ 1630 ಎಂದರೆ ಹೆದ್ದಾರಿಗೆ ಹತ್ತುವ, ಇಳಿಯುವ ರ‍್ಯಾಂಪ್. ಹೆದ್ದಾರಿಯೂ ಬೀದಿಯೂ ಒಂದೇ ಬಿಂದುವಿನಲ್ಲಿ ಸೇರಿದರೆ ಆ ಬಿಂದುವನ್ನು ಎರಡಾಗಿ ಸೀಳಿದೆವು. ಒಂದರಿಂದ ಇನ್ನೊಂದಕ್ಕೆ ಹೋಗಲು ರ‍್ಯಾಂಪ್ ಮೂಲಕ ಮಾತ್ರ ದಾರಿ ಬಿಟ್ಟೆವು. ಮತ್ತೆ ಓಡಿಸಿದಾಗ ಗಾಡಿ ಹಾರಲಿಲ್ಲ. ಹಸಿರಾಗಿದ್ದ ಕೆಲವು ಜಾಗಗಳು ಕೆಂಪಾದವು. ಮೊದಲ ಸಲ ಕೆಂಪು ಬಣ್ಣ ನೋಡಿ ಖುಷಿಪಟ್ಟೆವು.

ಖುಷಿ ಒಂದೇ ದಿನ ಉಳಿಯಿತು. ಆ ಕೆಂಪು ಜಾಗಗಳಲ್ಲಿ ಎಷ್ಟು ಜನ ಇದ್ದಾರೆ ಎಂದು 2020ರ ಜನಗಣತಿಯ ಪಟ್ಟಿಯೊಂದಿಗೆ ಜೋಡಿಸಿದರೆ ಎಲ್ಲ ಕಡೆ ಸೊನ್ನೆ! ಅಮೆರಿಕದ ಜನಗಣತಿಯಲ್ಲಿ ಒಂದು ಬ್ಲಾಕಿಗೆ 15 ಅಂಕಿಯ ಸಂಕೇತ ಇರುತ್ತದೆ. ರಾಜ್ಯಕ್ಕೆ 2, ಕೌಂಟಿಗೆ 3, ಟ್ರ್ಯಾಕ್ಟ್‌ಗೆ 6, ಬ್ಲಾಕಿಗೆ 4. ಟ್ರ್ಯಾಕ್ಟ್ ಎಂದರೆ ಸಾಮಾನ್ಯವಾಗಿ 1,200ರಿಂದ 8,000 ಜನರಿರುವ ಪ್ರದೇಶ. ನಮ್ಮ ಜನಸಂಖ್ಯೆಯ ಪಟ್ಟಿಯಲ್ಲಿ ನ್ಯೂ ಹೇವನ್ ಸಂಕೇತಗಳು 09009 ಎಂದು ಶುರುವಾಗುತ್ತಿದ್ದವು, 2023ರ ಗಡಿ ಫೈಲಿನಲ್ಲಿ 09170 ಎಂದು. ಕನೆಕ್ಟಿಕಟ್‌ನ 8 ಕೌಂಟಿಗಳ ಬದಲು 9 ಯೋಜನಾ ಪ್ರದೇಶಗಳನ್ನು ಜನಗಣತಿ ಇಲಾಖೆ 2022ರಿಂದ ಬಳಸುತ್ತಿದೆ. ಊರು ಅಲ್ಲೇ ಇದೆ, ಬೀದಿಗಳು ಅಲ್ಲೇ ಇವೆ, ಮೇಲಿನ ಗೆರೆ ಬದಲಾಗಿದೆ. ಜನಸಂಖ್ಯೆಯ ವರ್ಷಕ್ಕೆ ಹೊಂದುವ ಗಡಿ ಫೈಲನ್ನೇ ಮತ್ತೆ ಇಳಿಸಿಕೊಂಡ ಮೇಲೆ ಜನ ಕಾಣಿಸಿದರು.

ನಮ್ಮ ರಾಜ್ಯದ ಅಂಕಿಅಂಶ ಮುಟ್ಟುವವರಿಗೂ ಈ ಪಾಠ ಬೇಕು. 2011ರ ಜನಗಣತಿಯಲ್ಲಿ ಕರ್ನಾಟಕಕ್ಕೆ 30 ಜಿಲ್ಲೆ. ಈಗಿನ ನಕ್ಷೆಯಲ್ಲಿ 31. 2021ರಲ್ಲಿ ಬಳ್ಳಾರಿಯಿಂದ ಬೇರೆಯಾದ ವಿಜಯನಗರ ಜಿಲ್ಲೆಗೆ 2011ರ ಪಟ್ಟಿಯಲ್ಲಿ ಸಾಲೇ ಇಲ್ಲ. ಹಳೆಯ ಬಳ್ಳಾರಿಯನ್ನು ಎರಡು ಭಾಗ ಮಾಡಿದರೂ ಲೆಕ್ಕ ಸರಿಹೋಗುವುದಿಲ್ಲ, ಯಾಕೆಂದರೆ ಈಗ ವಿಜಯನಗರದಲ್ಲಿರುವ ಹರಪನಹಳ್ಳಿ 2011ರಲ್ಲಿ ದಾವಣಗೆರೆ ಜಿಲ್ಲೆಯಲ್ಲಿತ್ತು. ಯಾವ ವರ್ಷದ ಗೆರೆ ಎಂದು ಕೇಳದೆ ಜೋಡಿಸಿದರೆ ಒಂದು ತಾಲ್ಲೂಕಿನ ಜನರೇ ಬೇರೆ ಜಿಲ್ಲೆಯ ಲೆಕ್ಕಕ್ಕೆ ಹೋಗುತ್ತಾರೆ.

ಇದು ಬರೀ ಅಂಕದ ಪ್ರಶ್ನೆಯಲ್ಲ. ಅಮೆರಿಕದಲ್ಲಿ ಪ್ರತಿನಿಧಿ ಸಭೆಯ 435 ಸ್ಥಾನಗಳನ್ನು ರಾಜ್ಯಗಳಿಗೆ ಹಂಚುವುದು ಜನಗಣತಿಯ ಆಧಾರದ ಮೇಲೆ. ಕ್ಷೇತ್ರಗಳ ಗಡಿ ಎಳೆಯುವಾಗ ಬ್ಲಾಕುಗಳನ್ನೇ ಇಟ್ಟಿಗೆಯಂತೆ ಜೋಡಿಸುತ್ತಾರೆ. 2020ರಲ್ಲಿ ಅಂಥ 80 ಲಕ್ಷಕ್ಕೂ ಹೆಚ್ಚು ಬ್ಲಾಕುಗಳಿದ್ದವು. ಒಂದು ಗೆರೆಯ ಎಡಬಲ ತಪ್ಪಿದರೆ ಕೆಲವು ಮನೆಗಳು ಪಕ್ಕದ ಕ್ಷೇತ್ರದ ಲೆಕ್ಕಕ್ಕೆ ಸೇರುತ್ತವೆ. ಹಾಗಾಗಿಯೇ ಈ ಫೈಲು ಎಲ್ಲರಿಗೂ ತೆರೆದಿರುವುದು ನನಗೆ ದೊಡ್ಡ ವಿಷಯ ಎನಿಸಿತು. ತುಮಕೂರು ಜಿಲ್ಲೆಯ ಹುಡುಗಿಯೊಬ್ಬಳು ರಾತ್ರಿ ಹನ್ನೊಂದು ಗಂಟೆಗೆ ಕೂತು ಅದರ ಒಂದೊಂದು ಗೆರೆಯನ್ನೂ ಪರೀಕ್ಷಿಸಬಹುದು.

ಹಾಗೆಂದು ಅದರಲ್ಲಿ ಎಲ್ಲವೂ ತೆರೆದಿಲ್ಲ. ಒಂದೊಂದು ಮನೆಯ ವಿಳಾಸದ ಪಟ್ಟಿ ಇಲಾಖೆಯ ಬಳಿ ಪ್ರತ್ಯೇಕವಾಗಿದೆ. ಅದು ಕಾನೂನಿನಂತೆ ಗೋಪ್ಯ. ನಮಗೆ ಸಿಗುವುದು ‘ಎಷ್ಟರಿಂದ ಎಷ್ಟರವರೆಗೆ’ ಎಂಬ ವ್ಯಾಪ್ತಿ ಮಾತ್ರ. ಅಮ್ಮನ ನೋಟ್‌ಬುಕ್ಕಿನಲ್ಲಿ ಹೆಸರು ಯಾಕಿಲ್ಲ ಎಂದು ಕೇಳಿದ್ದಕ್ಕೆ ಅವರು ಹೇಳಿದರು: ‘ಎದುರುಮನೆಯಾಕೆ ಮೂರು ಸಲ ಕೇಳಿದ್ದರು, ಪಕ್ಕದವರು ಏನು ಬರೆಸಿದರು ಅಂತ. ನಾನು ಹೇಳಿದರೆ ನಾಳೆ ಯಾರು ನಿಜ ಹೇಳ್ತಾರೆ?’ ನಮ್ಮಲ್ಲೂ 1948ರ ಜನಗಣತಿ ಕಾಯ್ದೆಯಂತೆ ಅದು ಗುಟ್ಟೇ. ಗೆರೆ ಎಲ್ಲರಿಗೂ ಕಾಣಬೇಕು, ಗೆರೆಯೊಳಗಿನ ಮನೆಯ ಗುಟ್ಟು ಯಾರಿಗೂ ಕಾಣಬಾರದು. ಎರಡೂ ಇದ್ದರೆ ಜನ ನಂಬುತ್ತಾರೆ.

ಎರಡನೇ ರಿವ್ಯೂನಲ್ಲಿ ನಾವು ಮೊದಲ ಸ್ಲೈಡಿನಲ್ಲೇ ನಮ್ಮ ಎರಡೂ ತಪ್ಪುಗಳನ್ನು ಹಾಕಿದೆವು. ಈ ಫೈಲಿನಲ್ಲಿ ಏಕಮುಖ ಸಂಚಾರದ ಮಾಹಿತಿ ಇಲ್ಲ, ವೇಗದ ಮಿತಿ ಇಲ್ಲ, ಠಾಣೆಗಳು ನಮ್ಮ ಊಹೆ, ಆದ್ದರಿಂದ ನಮ್ಮ ಕೆಂಪು ಬಣ್ಣ ನ್ಯೂ ಹೇವನ್ ಬಗ್ಗೆ ತೀರ್ಪಲ್ಲ ಎಂದೂ ಬರೆದೆವು. ಹತ್ತಕ್ಕೆ ಎಂಟು ಬಂತು. ಗೈಡ್ ಕೇಳಿದ್ದು ಒಂದೇ ಪ್ರಶ್ನೆ: ‘ಎಡಬಲದ ವಿಚಾರ ಯಾರು ಹೇಳಿಕೊಟ್ಟರು?’ ‘ನಮ್ಮಮ್ಮ, ಸರ್’ ಎಂದೆ. ಕ್ಲಾಸೆಲ್ಲ ನಕ್ಕಿತು. ನಾನು ತಮಾಷೆ ಮಾಡಿರಲಿಲ್ಲ.

ನಿಮಗೂ ಆಸಕ್ತಿ ಇದ್ದರೆ ಖರ್ಚಿಲ್ಲದೆ ಶುರು ಮಾಡಬಹುದು. ಕ್ಯೂಜಿಐಎಸ್ ಉಚಿತ ತಂತ್ರಾಂಶ. ಪೈಥಾನ್ ಬರುವವರಿಗೆ ಜಿಯೊಪಾಂಡಾಸ್, ನೆಟ್‌ವರ್ಕ್‌ಎಕ್ಸ್ ಇವೆ. ಒಂದು ಕೌಂಟಿಯ ಫೈಲು ಇಳಿಸಿಕೊಳ್ಳಿ. ಶೇಪ್‌ಫೈಲ್ ಎಂದರೆ ಒಂದೇ ಫೈಲಲ್ಲ, ಒಟ್ಟಿಗಿರಬೇಕಾದ ಹಲವು ಫೈಲುಗಳ ಕಂತೆ, ಒಂದನ್ನೂ ಬಿಡಬೇಡಿ. ಬಣ್ಣ ಹಚ್ಚುವ ಮೊದಲು ಟೇಬಲ್ ಓದಿ. ಇಂಟರ್‌ವ್ಯೂನಲ್ಲಿ ‘ಜಿಐಎಸ್ ಗೊತ್ತಾ?’ ಎಂದು ಕೇಳಿದರೆ ಬಣ್ಣದ ನಕ್ಷೆ ಎಲ್ಲರೂ ತೋರಿಸುತ್ತಾರೆ. ಈ ದತ್ತಾಂಶ ಯಾವ ಕೆಲಸಕ್ಕೆ ಹುಟ್ಟಿತು, ಯಾವ ವರ್ಷದ್ದು, ಇದರಲ್ಲಿ ಏನಿಲ್ಲ, ಈ ಮೂರು ಪ್ರಶ್ನೆಗೆ ಉತ್ತರ ಹೇಳಬಲ್ಲವರು ಕಡಿಮೆ.

2011ರ ನಂತರ ಈಗ ಮತ್ತೆ ಜನಗಣತಿ ಬಂದಿದೆ. ಈ ಸಲ ಕಾಗದದ ಬದಲು ಮೊಬೈಲ್. ‘ಮೊಬೈಲ್ ಬಂದ ಮೇಲೆ ನಿನ್ನ ಪೆನ್ಸಿಲ್ ನಕ್ಷೆಗೆ ಕೆಲಸ ಇಲ್ಲ ಬಿಡಮ್ಮ’ ಎಂದು ರೇಗಿಸಿದೆ. ಅಮ್ಮ ನೋಟ್‌ಬುಕ್ಕನ್ನು ಬೀರುವಿನಲ್ಲಿ ಇಡುತ್ತಾ ಹೇಳಿದರು: ‘ಮೊಬೈಲ್ ನಾನೆಲ್ಲಿ ನಿಂತಿದ್ದೀನಿ ಅಂತ ಹೇಳಬಹುದು. ಗಿರಣಿ ಹಿಂದೆ ಹೋಗಿ ನೋಡೋಕೆ ನಾನೇ ಹೋಗಬೇಕು.’